ಹತ್ತೊಂಬತ್ತು ದಿನದ ನೀರು

ಬಚ್ಚಲ ಬಾಗಿಲನ್ನು ಹಿತಾ ಎರಡೂ ಕೈಯಲ್ಲಿ ಬಡಿದು "ಅಮ್ಮಾ, ಟೈಮ್ ಈಸ್ ಅಪ್! ಸ್ಟಾಪ್ ದ ವಾಟರ್!" ಎಂದು ಕೂಗಿದಾಗ ಮೈಥಿಲಿಯ ತಲೆಯ ತುಂಬ ಇನ್ನೂ ಶಾಂಪೂವಿನ ನೊರೆ ಇತ್ತು. ರಜೆಗೆ ಮುಂಚೆ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೊಂದು ಮರಳು ಗಡಿಯಾರ ಕೊಟ್ಟು ಕಳಿಸಿದ್ದರು. ಐದು ನಿಮಿಷದ ಮರಳು ಇಳಿಯುವುದರೊಳಗೆ ಮನೆಯವರ ಸ್ನಾನ ಮುಗಿಯಬೇಕು. ಒಂಬತ್ತು ವರ್ಷದ ಹಿತಾ ಈ ಕೆಲಸವನ್ನು ಯಾವ ಪೊಲೀಸಿನವನೂ ಮಾಡದಷ್ಟು ನಿಷ್ಠೆಯಿಂದ ಮಾಡುತ್ತಿದ್ದಳು. ನಿಜ ಹೇಳಬೇಕೆಂದರೆ ಮೈಥಿಲಿ ಆ ಐದು ನಿಮಿಷ ಸ್ನಾನ ಮಾಡಿರಲೇ ಇಲ್ಲ. ನೀರಿನ ಕೆಳಗೆ ಸುಮ್ಮನೆ ನಿಂತು, ಎರಡು ಪಾಯಿಂಟ್ ಒಂದು ಎಂಟು, ಎರಡು ಪಾಯಿಂಟ್ ಒಂದು ಒಂಬತ್ತು, ಮತ್ತೆ ಒಂದು ಎಂಟು ಎಂದು ಒಂದು ವಾರದಿಂದ ತಲೆಯಲ್ಲಿ ಬಿಡದೆ ಸುತ್ತುತ್ತಿದ್ದ ಅಂಕಿಗಳನ್ನು ಕೇಳಿಸಿಕೊಳ್ಳುತ್ತಿದ್ದಳು. ಇವತ್ತು ಎಷ್ಟು ಬರೆಯಬೇಕು? ಮಗಳಿಗೆ ಹೆದರಿ ಶವರ್ ನಿಲ್ಲಿಸಿದಳು. ಮೂಲೆಯಲ್ಲಿ ಅತ್ತೆ ಅನಸೂಯಮ್ಮ ತುಂಬಿಸಿಟ್ಟಿದ್ದ ಬಕೆಟ್ ಇತ್ತು. ಮೈಸೂರಿನಲ್ಲಿ ದಿನ ಬಿಟ್ಟು ದಿನ ನಲ್ಲಿ ಬರುತ್ತಿದ್ದ ಕಾಲದ ಅಭ್ಯಾಸ. ಮೂರು ತಿಂಗಳಿಗೆಂದು ಡಚ್ಚರ ಈ ಊರು ಬಾಡ್‌ಹೂವೆಡಾರ್ಪ್‌ಗೆ ಬಂದವರು ಅದನ್ನೂ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದಿದ್ದರು. ಹೋದ ತಿಂಗಳು ಆ ಬಕೆಟ್ ನೋಡಿ ಮೈಥಿಲಿ ನಕ್ಕಿದ್ದಳು. ಈಗ ಕಮಕ್ ಕಿಮಕ್ ಎನ್ನದೆ ಆ ತಣ್ಣೀರನ್ನೇ ತಲೆಗೆ ಸುರಿದುಕೊಂಡಳು.

ಅಡುಗೆಮನೆಯಲ್ಲಿ ಅನಸೂಯಮ್ಮ ಉಪ್ಪಿಟ್ಟು ಕೆದಕುತ್ತ ಕಿಟಕಿಯಾಚೆ ನೋಡುತ್ತಿದ್ದರು. ಮನೆಯ ಹಿಂದಿನ ರಸ್ತೆ ದಾಟಿದರೆ ಏರಿ, ಏರಿಯಾಚೆ ಕಾಲುವೆ. ಇಡೀ ಊರೇ ಒಂದು ಕಾಲದ ಸರೋವರದ ತಳದಲ್ಲಿ, ಸಮುದ್ರಕ್ಕಿಂತ ನಾಲ್ಕು ಮೀಟರ್ ಕೆಳಗೆ ಕೂತಿದೆ. ದೋಣಿಗಳು ಕಿಟಕಿಗಿಂತ ಎತ್ತರದಲ್ಲಿ, ಆಕಾಶದ ಕಡೆ ಹೋಗುತ್ತವೆ. ಬಂದ ಮೊದಲ ವಾರ ಅನಸೂಯಮ್ಮನಿಗೆ ಇದರಿಂದ ನಿದ್ದೆ ಬಂದಿರಲಿಲ್ಲ. "ಅಲ್ಲ ಕಣೆ ಮೈಥಿಲಿ, ತಲೆ ಮೇಲೆ ನೀರಿಟ್ಕೊಂಡು ಕೂತಿದಾರೆ, ಸ್ನಾನಕ್ಕೆ ನೀರಿಗೆ ತತ್ವಾರ ಅಂತಾರಲ್ಲ, ಇದೇನು ಅನ್ಯಾಯ?" ಎಂದರು. ಅದು ಬೇರೆ ನೀರು ಅತ್ತೆ, ಇದು ಬೇರೆ ನೀರು, ಎಂದು ಮೈಥಿಲಿ ಎಷ್ಟೋ ಸಲ ಹೇಳಿದ್ದಳು. ಫೆಬ್ರವರಿಯಲ್ಲಿ ಇಲ್ಲಿನ ಪಂಪುಗಳು ಮಳೆನೀರನ್ನು ಹಗಲೂ ರಾತ್ರಿ ಸಮುದ್ರಕ್ಕೆ ಎತ್ತಿ ಚೆಲ್ಲಿದ್ದವು. ಏಪ್ರಿಲ್‌ನಿಂದ ಸರಿಯಾಗಿ ಒಂದು ಮಳೆ ಬಿದ್ದಿಲ್ಲ, ರೈನ್ ನದಿ ಸೊರಗಿದೆ, ನದಿಯ ಜೋರು ಕಡಿಮೆಯಾದ ಕಡೆ ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತಿದೆ. ಇಷ್ಟನ್ನು ಹೇಳಿದರೆ ಅನಸೂಯಮ್ಮ, "ಹಾಗಾದ್ರೆ ಫೆಬ್ರವರೀಲಿ ಯಾಕೆ ಚೆಲ್ಲಿದ್ರು?" ಎಂದು ಕೇಳಿದ್ದರು. ಮೈಥಿಲಿಯ ಗಂಡ ಅನಿರುದ್ಧ ಆಗಲೇ ಐಂಡ್‌ಹೋವನ್ನಿನ ರೈಲು ಹಿಡಿಯಲು ಹೊರಟುಹೋಗಿದ್ದ. ಮಾರ್ಚ್‌ನಲ್ಲಿ ಅವನ ಕಂಪನಿ ಅವನನ್ನು ಕೈಬಿಟ್ಟ ಮೇಲೆ ಇದು ಏಳನೆಯ ಇಂಟರ್‌ವ್ಯೂ. ಈಗ ಮನೆಯ ಮೂವರು ಈ ದೇಶದಲ್ಲಿರುವ ಪರ್ಮಿಟ್ಟೂ ಮೈಥಿಲಿಯೊಬ್ಬಳ ಕೆಲಸದ ಮೇಲೆ ನಿಂತಿತ್ತು.

ಹೂಫ್‌ಡಾರ್ಪ್ ಕಡೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ಲ್ಯಾಪ್‌ಟಾಪ್ ತೆರೆದಳು. ಅವಳ ಕಂಪನಿ ಒಂದು ವಾಟರ್‌ಸ್ಖಾಪ್‌ಗೆ, ಅಂದರೆ ಕಾಲುವೆ, ಏರಿ, ಪಂಪುಗಳ ಉಸ್ತುವಾರಿ ನೋಡುವ ನೀರಿನ ಮಂಡಳಿಗೆ, ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಏರಿಗಳೊಳಗೆ ಕೊಳವೆ ಇಳಿಸಿ, ಒಳಗಿನ ತೇವ ಎಷ್ಟು ಮೀಟರ್ ಆಳದಲ್ಲಿದೆ ಎಂದು ಸೆನ್ಸರ್‌ಗಳು ದಿನವೂ ಅಳೆದು ಕಳಿಸುತ್ತವೆ. ಆ ಅಂಕಿಗಳನ್ನು ಅಚ್ಚುಕಟ್ಟಾಗಿ ತೋರಿಸುವುದು ಅವಳ ಕೆಲಸ. ಹತ್ತೊಂಬತ್ತು ದಿನದ ಹಿಂದೆ ಏರಿಯ ಇಪ್ಪತ್ತೆರಡನೇ ಭಾಗದ ಸೆನ್ಸರ್ ಮಾತು ನಿಲ್ಲಿಸಿತು. ಬ್ಯಾಟರಿ ಹೋಗಿರಬೇಕು ಎಂದುಕೊಂಡು ಸೆನ್ಸರ್ ಹಾಕಿದವರಿಗೆ ಬರೆದಳು. ಅವರೆಲ್ಲ ಬೇಸಗೆ ರಜೆಗೆ ಹೋಗಿದ್ದರು. ಎರಡು ದಿನ ಅಂಕಿ ಬರದಿದ್ದರೆ ವ್ಯವಸ್ಥೆ ತಾನೇ ಅಲಾರಂ ಕೊಡುತ್ತದೆ, ಯಾರೋ ಒಬ್ಬರು ಹೋಗಿ ನೋಡಿ ಬರುತ್ತಾರೆ. ಅಲ್ಲಿಯತನಕ ಹೋಗಲು ಅವಳು ಬಿಡಲಿಲ್ಲ. ಖಾಲಿ ಜಾಗದಲ್ಲಿ ಹಿಂದಿನ ದಿನದ ಅಂಕಿ ತುಂಬಿದಳು. 'ಅಂದಾಜು' ಎಂದು ಗುರುತು ಹಾಕಲು ಒಂದು ಚೌಕ ಇತ್ತು. ಹಾಕಿದರೆ ಆ ಸಾಲು ಹಳದಿಯಾಗುತ್ತದೆ. ಟೀಮ್ ಲೀಡ್ ಆಕರ್ಷ್, "ಡೆಮೋ ತನಕ ಎಲ್ಲ ಗ್ರೀನ್ ಇರ್ಲಿ ಮೈಥಿಲಿ, ಆಮೇಲೆ ನೋಡೋಣ," ಎಂದಿದ್ದ. ಅಂಕಿ ತುಂಬಿ ಎಂದು ಅವನು ಹೇಳಿರಲಿಲ್ಲ. ತುಂಬಿದ್ದು ಅವಳೇ. ಬರೀ ತುಂಬಿದ್ದರೆ ಹೋಗಲಿ ಎನ್ನಬಹುದಿತ್ತು. ಒಂದೇ ಅಂಕಿ ದಿನವೂ ಬಂದರೆ ಯಾರಿಗಾದರೂ ಅನುಮಾನ ಬಂದೀತೆಂದು ಒಂದು ದಿನ ಒಂದು ಸೆಂಟಿಮೀಟರ್ ಮೇಲೆ, ಒಂದು ದಿನ ಒಂದು ಕೆಳಗೆ ಮಾಡಿ, ನಿಜವಾದ ನೀರಿನ ಹಾಗೆ ಏರಿಳಿಸಿದ್ದಳು. ಹೋದ ಮಂಗಳವಾರದ ಮೀಟಿಂಗಿನಲ್ಲಿ, ಯಾವ ಏರಿಯನ್ನು ಮೊದಲು ನಡೆದು ತಪಾಸಣೆ ಮಾಡಬೇಕೆಂಬ ಪಟ್ಟಿ ಈ ಅಂಕಿಗಳಿಂದಲೇ ತಯಾರಾಗುತ್ತದೆ ಎಂದು ಯಾರೋ ಬೇರೇನೋ ಹೇಳುವಾಗ ಹೇಳಿಹೋದರು. ಆದರೂ ಬುಧವಾರ ತುಂಬಿದಳು. ಗುರುವಾರವೂ. ಬಸ್ಸು ವಿಮಾನ ನಿಲ್ದಾಣದ ಬೇಲಿ ದಾಟುವಾಗ ಎರಡು ಪಾಯಿಂಟ್ ಎರಡು ಸೊನ್ನೆ ಎಂದು ಬರೆದು ಲ್ಯಾಪ್‌ಟಾಪ್ ಮುಚ್ಚಿದಳು. ಸಾಲು ಹಸಿರಾಗಿಯೇ ಇತ್ತು.

ವಸಿ ಮ್ಯಾಲೆ ಕೆಳಗೆ ಮಾಡಿ ಬರಿ ಕಣವ್ವ, ಒಂದೇ ತರ ಬರುದ್ರೆ ಸಾಯೇಬ್ರಿಗೆ ಅನ್ಮಾನ ಬತ್ತದೆ. ಮೈಥಿಲಿ ಚಿಕ್ಕವಳಿದ್ದಾಗ ಸೀಮೆಎಣ್ಣೆ ಸ್ಟೌವಿನ ವಾಸನೆಯ ಆ ಕ್ವಾರ್ಟರ್ಸಿನಲ್ಲಿ ಅಪ್ಪ ಕಂಬಳಿ ಹೊದ್ದು ಕೂತು ಹೇಳಿದ್ದ ಮಾತು. ಮಂಡ್ಯ ಕಡೆಯ ಒಂದು ನಾಲೆಯ ತೂಬಿನ ಬಳಿ ಅಳತೆಪಟ್ಟಿ ನೋಡಿ ದಿನವೂ ನೀರಿನ ಮಟ್ಟ ಬರೆಯುವುದು ಅವರ ಕೆಲಸ. ರಿಜಿಸ್ಟರಿನ ಕೊನೆಯ ಕಾಲಂ 'ನೋಡಿದವರ ಸಹಿ'. ನಂಜುಂಡಸ್ವಾಮಿ ಎಂದು ಅವರು ಪೂರ್ತಿ ಹೆಸರು ಬರೆಯುತ್ತಿದ್ದರು, ಒಂದಕ್ಷರ ನುಂಗದೆ. ಆ ವರ್ಷ ಜ್ವರದಲ್ಲಿ ಮೂರು ದಿನ ಎದ್ದಿರಲಿಲ್ಲ. ಮೂರು ದಿನ ಖಾಲಿ ಬಿಟ್ಟಿದ್ದರು. ನೋಡದೆ ಬರೆಯುವುದು ಅವರಿಗೆ ಗೊತ್ತಿರಲಿಲ್ಲ. ಜೀಪಿನಲ್ಲಿ ಬಂದ ಸಾಹೇಬರು ರಿಜಿಸ್ಟರ್ ತೆರೆದು, "ಏನಯ್ಯ, ಈ ಮೂರು ದಿನ ನಾಲೆ ಎಲ್ಲಿಗೋಗಿತ್ತು? ಸಿಎಲ್ ಹಾಕಿತ್ತಾ?" ಎಂದಾಗ ಡ್ರೈವರ್ ನಕ್ಕ, ನೀರು ಕೇಳಲು ಬಂದು ನಿಂತಿದ್ದ ಹತ್ತು ಜನ ರೈತರೂ ನಕ್ಕರು. ಅಪ್ಪನೂ ನಕ್ಕರು. ಆ ನಗು ಮೈಥಿಲಿಗೆ ಮರೆತಿಲ್ಲ. ತಪ್ಪು ಮಾಡದೆ ಸಿಕ್ಕಿಬಿದ್ದವರ ನಗು. ಅವತ್ತು ಸಂಜೆ ಅಪ್ಪ, ಅಕ್ಷರ ಚೆನ್ನಾಗಿದೆ ಎಂದು ಹನ್ನೊಂದು ವರ್ಷದ ಅವಳ ಕೈಗೆ ಪೆನ್ನು ಕೊಟ್ಟರು. ನಾಲ್ಕು ಅಡಿ ಎರಡು. ನಾಲ್ಕು ಅಡಿ ಒಂದು. ನಾಲ್ಕು ಅಡಿ ಎರಡು. ಸಹಿಯನ್ನೂ ನೀನೇ ಹಾಕವ್ವ ಎಂದರು. ಅಪ್ಪನ ಹೆಸರನ್ನು ಅಪ್ಪನ ಹಾಗೆಯೇ ಬರೆದಳು. ಮುಂದಿನ ಸಲ ಬಂದ ಸಾಹೇಬರು ಪುಟ ತಿರುವಿ, ನೋಡು, ಹಿಂಗಿರಬೇಕು ಎಂದು ಹೊಗಳಿ ಹೋದರು.

ಆಫೀಸಿನಲ್ಲಿ ಆಕರ್ಷ್ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಕಾಫಿ ಮಷೀನಿನ ಮುಂದೆ ನಿಂತಿದ್ದ. ಬೆಂಗಳೂರಿನ ಹುಡುಗ, ಅವಳಿಗಿಂತ ಆರು ವರ್ಷ ಚಿಕ್ಕವನು. ಒಳ್ಳೆಯವನೇ, ಆದರೆ ಹಸಿರು ಬಣ್ಣದ ಮೇಲೆ ಅತಿಯಾದ ಪ್ರೀತಿ. "ಮೈಥಿಲಿ, ಒಂದು ಫೇವರ್. ಎರಡು ಗಂಟೆಗೆ ಕ್ಲೈಂಟ್ ಮುಂದೆ ಡೆಮೋ, ಅದು ನಾನ್ ನೋಡ್ಕೋತೀನಿ. ನಮ್ಮ ಕಾಂಟ್ರಾಕ್ಟ್ ರಿನ್ಯೂವಲ್ ಇವತ್ತೇ ಡಿಸೈಡ್ ಆಗತ್ತೆ. ನೀವು ಯಾಪ್ ಜೊತೆ ಏರಿ ವಾಕ್‌ಗೆ ಹೋಗ್ಬನ್ನಿ. ಅವರಿಗೆ ಜನ ಸಾಲ್ತಿಲ್ಲ, ಆಫೀಸಿನವರನ್ನೂ ಕರೀತಿದಾರೆ. ನಮ್ಮವರೊಬ್ರು ಬೂಟ್ ಹಾಕ್ಕೊಂಡು ಫೀಲ್ಡಲ್ಲಿ ಇದ್ರೆ ಇಂಪ್ರೆಷನ್ ಚೆನ್ನಾಗಿರತ್ತೆ." ಈಗ ಹೇಳಿಬಿಡಬಹುದಿತ್ತು. ಬಾಯಿ ತೆರೆದಳು ಕೂಡ. "ಆಕರ್ಷ್, ಆ ಇಪ್ಪತ್ತೆರಡು..." ಎಂದಳು. "ಅದು ಗ್ರೀನ್ ಇದೆಯಲ್ಲ? ಬೆಳಿಗ್ಗೆ ನೋಡ್ದೆ, ಸೂಪರ್," ಎಂದು ಅವನು ಹೆಬ್ಬೆರಳು ಎತ್ತಿ ತೋರಿಸಿ ಹೋದ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಜೊತೆಗೆ, ತಪ್ಪಿಸಿಕೊಂಡೆನಲ್ಲ ಎಂದು ಸ್ವಲ್ಪ ಹಾಯೆನಿಸಿದ್ದೂ ಸುಳ್ಳಲ್ಲ.

ಯಾಪ್ ಮಂಡಳಿಯ ಹಳೆಯ ಏರಿ ತಪಾಸಕ, ಇನ್ನು ಎರಡು ವರ್ಷಕ್ಕೆ ನಿವೃತ್ತಿ. ವ್ಯಾನಿನ ಹಿಂದೆ ಬಿದಿರು ಗೂಟ, ಮಡಚುವ ಅಳತೆಕೋಲು, ಅವಳ ಕಾಲಿಗೆ ಎರಡು ಸೈಜು ದೊಡ್ಡದಾದ ರಬ್ಬರ್ ಬೂಟು. "ಮಿಸೆಸ್ ನಂಜುಂಡಸ್ವಾಮಿ," ಎಂದು ಅವನು ಪ್ರತಿ ಅಕ್ಷರವನ್ನೂ ಮೆಟ್ಟಿಲು ಹತ್ತುವಂತೆ ಹತ್ತಿ ಉಸಿರು ಬಿಟ್ಟ. ಇಲ್ಲಿಗೆ ಬಂದಾಗಿನಿಂದ ಕಾಗದದಲ್ಲೆಲ್ಲ ಅವಳ ಹೆಸರಿನ ಜೊತೆ ಅಪ್ಪನ ಹೆಸರೇ. ಮೈಥಿಲಿ ಎಂದು ಕರೆಯಿರಿ ಎಂದು ಎಷ್ಟು ಹೇಳಿದರೂ ಯಾಪ್‌ನ ತಲೆಮಾರಿನವರಿಗೆ ಅದು ಮರ್ಯಾದೆಯಲ್ಲ. ಆಮ್‌ಸ್ಟೆಲ್‌ವೇನ್ ದಾಟಿ ದಕ್ಷಿಣಕ್ಕೆ ಹೋಗುತ್ತ ಅವನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: ಈ ಕಡೆಯ ಏರಿಗಳು ಮಣ್ಣಿನವಲ್ಲ, ಸಾವಿರಾರು ವರ್ಷ ಜೌಗಿನಲ್ಲಿ ಕೊಳೆತ ಗಿಡಗೆಂಟೆಯ ಕಪ್ಪು ಹಾಸು, ಪೀಟ್. ಒದ್ದೆ ಇರುವತನಕ ಎಮ್ಮೆಯ ಹಾಗೆ ಭಾರವಾಗಿ ಕೂತಿರುತ್ತದೆ. ಒಣಗಿದರೆ ಕುಗ್ಗುತ್ತದೆ, ಬಿರಿಯುತ್ತದೆ, ಹಗುರಾಗುತ್ತದೆ. ಆಗ ಕಾಲುವೆಯ ನೀರು ಅದನ್ನು ಹೆಗಲಲ್ಲಿ ತಳ್ಳಿದಂತೆ ಪಕ್ಕಕ್ಕೆ ತಳ್ಳಿಬಿಡುತ್ತದೆ. "ನಮ್ಮಜ್ಜ ಮಳೆ ಬಂದರೆ ಏರಿ ನೋಡಲು ಓಡುತ್ತಿದ್ದ," ಎಂದ. "ನಾನು ಬಿಸಿಲು ಬಂದರೆ ಓಡುತ್ತೇನೆ. ಮೊದಲು ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಬೇಸಗೆ ಈಗ ವರ್ಷ ಬಿಟ್ಟು ವರ್ಷ ಬರುತ್ತದೆ. ಮುನ್ನೂರು ಕಿಲೋಮೀಟರ್ ಏರಿ, ಹದಿನಾಲ್ಕು ಜನ. ನಿಮ್ಮ ಪಟ್ಟಿ ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿರಲಿಲ್ಲ." ಸೆನ್ಸರಿನ ಕೊಳವೆಯೊಳಗೆ ನೀರು ಪೂರ್ತಿ ಇಂಗಿದರೆ ಏನಾಗುತ್ತದೆ ಎಂದು ಅವಳು ಕೇಳಿದಳು, ಸುಮ್ಮನೆ ಕೇಳಿದ ಹಾಗೆ. "ಏನೂ ಬರುವುದಿಲ್ಲ. ಖಾಲಿ," ಎಂದ ಯಾಪ್. "ಖಾಲಿ ಬಂದರೆ ನಾನು ಊಟ ಬಿಟ್ಟು ಎದ್ದು ಹೋಗುತ್ತೇನೆ." ಅವಳು ಕಿಟಕಿ ಇಳಿಸಿದಳು. ಬ್ಯಾಟರಿ ಹೋಗಿರಲಿಲ್ಲ, ಕೊಳವೆ ಒಣಗಿತ್ತು. ಹತ್ತೊಂಬತ್ತು ದಿನದಿಂದ ಅದು ಹೇಳುತ್ತಿದ್ದುದನ್ನೇ ಅವಳು ದಿನಾ ಬೆಳಿಗ್ಗೆ ಅಳಿಸಿ ತನ್ನ ಅಂಕಿ ಬರೆದಿದ್ದಳು.

ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಒಂದೊಂದು ಭಾಗವೂ ಅರ್ಧ ಕಿಲೋಮೀಟರ್. ಎಡಗಡೆ ಅಂಚಿನವರೆಗೆ ತುಂಬಿದ ಕಾಲುವೆ, ಅದರಲ್ಲಿ ಯಾವ ಚಿಂತೆಯೂ ಇಲ್ಲದ ಬಾತುಕೋಳಿಗಳು. ಬಲಗಡೆ ಮೂರಾಳು ಕೆಳಗೆ ಹೊಲ, ಕಂದಿದ ಹುಲ್ಲು, ಒಂದು ಸಾಲು ಮನೆಗಳು. ಯಾಪ್ ಹುಲ್ಲನ್ನು ಬೂಟಿನಿಂದ ಸರಿಸಿ ನೋಡುತ್ತ ನಡೆದ, ಅವಳು ಹಿಂದೆ ನಡೆದಳು. ಅಲ್ಲಲ್ಲಿ ಬೆರಳಗಲದ ಬಿರುಕು. ಅವನು ಅಳೆದು, ಗೂಟ ನೆಟ್ಟು, ಬರೆದುಕೊಂಡ. ಅಪ್ಪನೂ ಹೀಗೆಯೇ ಬಗ್ಗುತ್ತಿದ್ದರು, ಮೊಣಕಾಲ ಮೇಲೆ ಒಂದು ಕೈ ಊರಿ. ಬೂಟು ಹಿಮ್ಮಡಿ ಕೆರೆಯುತ್ತಿತ್ತು, ತಲೆಯಲ್ಲಿ ಬೆಳಗಿನ ಶಾಂಪೂ ತುರಿಸುತ್ತಿತ್ತು. ಇಪ್ಪತ್ತೊಂದರ ಕೊನೆಯ ಕಲ್ಲಿನ ಹತ್ತಿರ ಯಾಪ್ ನಿಂತು ಟ್ಯಾಬ್ಲೆಟ್ ನೋಡಿದ. "ಇಲ್ಲಿಗೆ ಸಾಕು. ಇಪ್ಪತ್ತೆರಡು ಹಸಿರು, ಅದು ಮುಂದಿನ ವಾರ. ಈಗ ಮೂವತ್ತಕ್ಕೆ ಹೋಗೋಣ," ಎಂದು ತಿರುಗಿದ. ಮುಂದಿನ ವಾರ ಎಂದರೆ ರಿನ್ಯೂವಲ್ ಮುಗಿದಿರುತ್ತದೆ. ರಜೆ ಮುಗಿಸಿ ಬಂದವರು ಸೆನ್ಸರ್ ನೋಡಿರುತ್ತಾರೆ. ಇವಳು ಆ ಅಂಕಿಗಳನ್ನು ಮೆಲ್ಲಗೆ ತೆಗೆದು 'ಅಂದಾಜು' ಗುರುತು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ವಾರ ತಡೆಯದ ಏರಿ ಉಂಟೆ? ಕೆಳಗೆ ಮೊದಲ ಮನೆಯ ಹಿತ್ತಲಲ್ಲಿ ಹಗ್ಗದ ಮೇಲೆ ಚಿಕ್ಕ ಚಿಕ್ಕ ಈಜುಡುಗೆಗಳು ಒಣಗುತ್ತಿದ್ದವು. ಇಲ್ಲಿಂದ ನೋಡಿದರೆ ಕಾಲುವೆಯ ನೀರು ಆ ಮನೆಯ ಮಾಳಿಗೆಯ ಕಿಟಕಿಗೆ ಸಮ ಇತ್ತು. ಹಿತಾಗೂ ಅಂಥದೇ ಒಂದು ನೀಲಿಯದು ಇದೆ ಎಂದು ನೆನಪಾಯಿತು, ಮಂಗಳವಾರದ ಕ್ಲಾಸಿಗೆ ಅದನ್ನು ತೊಳೆದಿಡಬೇಕು ಎಂದೂ ನೆನಪಾಯಿತು. "ಅಲ್ಲಿಗೂ ಹೋಗೋಣ," ಎಂದಳು. ಯಾಪ್ ತಿರುಗಿ ನೋಡಿದ. "ಹಸಿರಿದೆಯಲ್ಲ?" "ಇರಲಿ. ನಡೆಯಬೇಕು ಅನಿಸುತ್ತಿದೆ," ಎಂದಳು. ಅರ್ಧ ಹೇಳಿದರೆ ಅರ್ಧ ಪುಣ್ಯವಾದರೂ ಬಂದೀತೆಂಬ ಲೆಕ್ಕ ಅವಳದು. ಆಫೀಸಿನವಳೊಬ್ಬಳು ತಾನಾಗಿ ಇನ್ನೂ ನಡೆಯಲು ಕೇಳಿದ್ದಕ್ಕೆ ಮುದುಕನಿಗೆ ಖುಷಿಯಾಯಿತು.

ಇನ್ನೂರು ಹೆಜ್ಜೆ ಹೋಗುವುದರೊಳಗೆ ಅವಳ ಬೂಟು ಹುಲ್ಲಿನೊಳಗೆ ಇಳಿಯಿತು. ಬೂಟು ಅಲ್ಲೇ ಉಳಿದು ಕಾಲು ಮಾತ್ರ ಹೊರಬಂತು. ಯಾಪ್ ನಗುತ್ತ ಬಂದವನು ಹುಲ್ಲು ಸರಿಸಿ ನೋಡಿ ನಗು ನಿಲ್ಲಿಸಿದ. ಬಿರುಕು ಏರಿಯ ಉದ್ದಕ್ಕೂ ಕಾಲುವೆಗೆ ಸಮಾನಾಂತರವಾಗಿ ಹೋಗಿತ್ತು, ಹನ್ನೆರಡು ಮೀಟರ್, ಅಂಗೈ ಅಗಲ. ಅಳತೆಕೋಲು ಪೂರ್ತಿ ಇಳಿದರೂ ತಳ ಸಿಗಲಿಲ್ಲ. ಅವಳು ಒಂದು ಕಾಲಿಗೆ ಬೂಟಿಲ್ಲದೆ ಕೂತು ಕೈ ಇಳಿಸಿದಳು, ಮೊಣಕೈವರೆಗೆ. ಒಳಗೆ ಬೆಚ್ಚಗಿತ್ತು. ಹಿಡಿಗೆ ಸಿಕ್ಕಿದ್ದನ್ನು ಎತ್ತಿದರೆ ಕಾಫಿಪುಡಿಯಂತೆ ಒಣಗಿ ಬೆರಳ ಸಂದಿಯಿಂದ ಉದುರಿತು. ಹತ್ತು ಹೆಜ್ಜೆ ದೂರದಲ್ಲಿ ಸೆನ್ಸರಿನ ಬಿಳಿ ಮುಚ್ಚಳ ಬಿಸಿಲಿಗೆ ಹೊಳೆಯುತ್ತಿತ್ತು. ಯಾಪ್ ಆಗಲೇ ಫೋನಿನಲ್ಲಿ ಡಚ್ಚಿನಲ್ಲಿ ಚುಟುಕಾಗಿ ಮಾತಾಡುತ್ತಿದ್ದ: ಜೇಡಿಮಣ್ಣು, ನೀರು ಸಿಂಪಡಿಸುವ ಪಂಪು, ಐದು ಜನ, ಈಗಲೇ. ಕೆಳಗಿನ ಮನೆಗಳಿಗೆ ಯಾರಾದರೂ ಹೋಗಿ ಹೇಳಲಿ. ಫೋನು ಇಟ್ಟು ಬಂದು ಅವಳ ಭುಜದ ಮೇಲೆ ಕೈಯಿಟ್ಟ. "ಮುಂದಿನ ವಾರ ಬಂದಿದ್ದರೆ..." ಎಂದು ಅರ್ಧಕ್ಕೆ ಬಿಟ್ಟ. "ನಲವತ್ತು ವರ್ಷ ಏರಿ ನಡೆದಿದ್ದೇನೆ. ನನ್ನ ಮೂಗಿಗೆ ಹತ್ತದ್ದು ನಿಮಗೆ ಹತ್ತಿತು." ಅವಳಿಗೆ ಅಳು ಬಂತು. ಆ ಕೈ ಭುಜದ ಮೇಲಿಂದ ಹೋದರೆ ಸಾಕೆನಿಸಿತು. ನೋಡು, ಹಿಂಗಿರಬೇಕು ಎಂದು ಪುಟ ತಿರುವಿದ ಸಾಹೇಬರ ಮುಂದೆ ಅಪ್ಪ ನೆಲ ನೋಡುತ್ತ ನಿಂತಿದ್ದು ಯಾಕೆಂದು ಹನ್ನೊಂದು ವರ್ಷದವಳಿಗೆ ತಿಳಿದಿರಲಿಲ್ಲ.

ಯಾಪ್ ಹುಲ್ಲಿನ ಮೇಲೆ ಕೂತು ಟ್ಯಾಬ್ಲೆಟ್ಟಿನಲ್ಲಿ ಫಾರಂ ತೆರೆದ. ಜಾಗ, ಉದ್ದ, ಅಗಲ ತುಂಬಿದ. "ಪಟ್ಟಿಯಲ್ಲಿಲ್ಲದ ಭಾಗ ತಪಾಸಣೆ ಮಾಡಲು ಕಾರಣ ಏನು ಬರೆಯಲಿ? ಮಿಸೆಸ್ ನಂಜುಂಡಸ್ವಾಮಿಯವರ ಅಂತಃಪ್ರಜ್ಞೆ?" ಎಂದು ತಮಾಷೆಯಾಗಿಯೇ ಕೇಳಿದ.

"ಅಂಕಿ ನನ್ನದು," ಎಂದಳು ಮೈಥಿಲಿ.

ಅವನಿಗೆ ಅರ್ಥವಾಗಲಿಲ್ಲ.

"ಈ ಸೆನ್ಸರ್ ಹತ್ತೊಂಬತ್ತು ದಿನದಿಂದ ಖಾಲಿ ಬರುತ್ತಿದೆ. ಆ ಜಾಗದಲ್ಲಿ ನಾನು ಅಂಕಿ ಬರೆದೆ. ನಿಜದ ಹಾಗೆ ಕಾಣಲಿ ಅಂತ ಮೇಲೆ ಕೆಳಗೆ ಮಾಡಿ ಬರೆದೆ. ಇವತ್ತು ಬೆಳಿಗ್ಗೆಯೂ ಬರೆದೆ. ಬಸ್ಸಿನಲ್ಲಿ." ಬೂಟಿಲ್ಲದ ಕಾಲನ್ನು ಮಡಚಿಕೊಂಡಳು. "ಯಾರೂ ಹೇಳಿರಲಿಲ್ಲ. ನಾನೇ."

ಯಾಪ್ ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಮಗುಚಿಟ್ಟ. ಬೈದಿದ್ದರೆ ವಾಸಿಯಿತ್ತು. ಅವನ ಕಿವಿ ಮಾತ್ರ ಕೆಂಪಗಾಯಿತು. "ಯಾಕೆ?" ಎಂದ.

ಪರ್ಮಿಟ್ಟು, ಡೆಮೋ, ಅನಿರುದ್ಧನ ಏಳನೆಯ ಇಂಟರ್‌ವ್ಯೂ, ಎಲ್ಲ ನಾಲಿಗೆಯ ತುದಿಗೆ ಬಂತು. ಎಲ್ಲವೂ ನಿಜವೇ. ಆದರೂ ಅವಳು, "ಖಾಲಿ ಬಿಡಬಾರದು ಅಂತ ಕಲಿತಿದ್ದೆ," ಎಂದಷ್ಟೇ ಹೇಳಿದಳು. ಆಮೇಲೆ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಹತ್ತೊಂಬತ್ತು ಅಂಕಿಗಳನ್ನೂ ಒಂದೊಂದಾಗಿ ಅಳಿಸಿದಳು. ಒಟ್ಟಿಗೆ ಅಳಿಸಬಹುದಿತ್ತು. ಸಾಲು ಹಸಿರಿನಿಂದ ಬೂದಿಗೆ ತಿರುಗಿತು, ಕೂಡಲೇ ಯಾಪ್‌ನ ಜೇಬಿನಲ್ಲಿ ಅಲಾರಂ ಕೂಗಿತು. ಅವನು ಅದನ್ನು ನಿಲ್ಲಿಸಲಿಲ್ಲ. ಅದು ತಾನಾಗಿ ನಿಲ್ಲುವುದರೊಳಗೆ ಅವಳ ಫೋನಿನಲ್ಲಿ ಆಕರ್ಷ್.

"ಮೈಥಿಲಿ, ಏನ್ರೀ ಇದು? ಇಪ್ಪತ್ತೆರಡು ಗ್ರೇ ಆಗೋಯ್ತು! ಎಲ್ಲರ ಮುಂದೆ ಸ್ಕ್ರೀನ್ ಮೇಲಿದೆ, ನಾನೇನ್ ಹೇಳ್ಲಿ?"

"ಅಲ್ಲಿ ಏರಿ ಬಿರುಕು ಬಿಟ್ಟಿದೆ ಆಕರ್ಷ್. ನಾನು ಅದರ ಮೇಲೇ ಕೂತಿದೀನಿ. ಸ್ಪೀಕರ್ ಆನ್ ಇದ್ಯಾ?"

"ಆನ್... ಆನ್ ಇದೆ. ಯಾಕೆ?"

"ಹಾಗಾದ್ರೆ ಇಂಗ್ಲಿಷಲ್ಲೇ ಹೇಳ್ತೀನಿ," ಎಂದಳು. ಯಾಪ್‌ಗೆ ಹೇಳಿದ್ದನ್ನೇ ಅದೇ ಕ್ರಮದಲ್ಲಿ ಮತ್ತೊಮ್ಮೆ ಹೇಳಿದಳು. ಆ ಕಡೆ ಕುರ್ಚಿಯೊಂದು ಸರಿದ ಸದ್ದು, ಯಾರೋ ಕೆಮ್ಮಿದ್ದು. ಯಾರೂ ನಗಲಿಲ್ಲ. ಸಂಜೆ ಬಂದು ಮಾತಾಡುತ್ತೇನೆ ಎಂದು ಫೋನು ಇಟ್ಟಳು. ಸಂಜೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಭಯವಾಯಿತು. ಅತ್ತೆ, ಹಿತಾ, ಹಿಂದಿರುಗುವ ರೈಲಿನಲ್ಲಿರುವ ಅನಿರುದ್ಧ, ಮೂವರ ಮುಖವೂ ಸಾಲಾಗಿ ಬಂದು ನಿಂತವು.

ಕೆಳಗಿನ ರಸ್ತೆಯಲ್ಲಿ ಜೇಡಿಮಣ್ಣಿನ ಟ್ರ್ಯಾಕ್ಟರ್ ಕಾಣಿಸಿತು. ಮನೆಯೊಂದರಿಂದ ಹೆಂಗಸೊಬ್ಬಳು ಹೊರಬಂದು ಹಣೆಗೆ ಕೈ ಅಡ್ಡ ಹಿಡಿದು ಏರಿಯ ಕಡೆ ನೋಡಿದಳು, ಹಗ್ಗದಿಂದ ಬಟ್ಟೆಗಳನ್ನು ಬೇಗ ಬೇಗ ತೆಗೆದಳು. ಯಾಪ್ ಕಾರಣದ ಜಾಗದಲ್ಲಿ 'ಸೆನ್ಸರ್ ಖಾಲಿ, ಹತ್ತೊಂಬತ್ತು ದಿನ. ತಡವಾಗಿ ತಿಳಿಸಲಾಯಿತು' ಎಂದು ಬರೆದ. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಫಾರಮ್ಮಿನ ಕೊನೆಯಲ್ಲಿ ಒಂದು ಜಾಗ ಉಳಿದಿತ್ತು. ನೋಡಿದವರು. ಅವನು ತನ್ನ ಹೆಸರು ಹಾಕಿಕೊಳ್ಳುತ್ತಾನೆ ಎಂದುಕೊಂಡು ಅವಳು ಬೂಟು ಎಳೆಯಲು ಬಗ್ಗಿದಳು. ಅವನು ಅವಳ ಕೊರಳಿನ ಐಡಿ ಕಾರ್ಡನ್ನು ಹಿಡಿದೆತ್ತಿ, ಕನ್ನಡಕ ಸರಿಮಾಡಿಕೊಂಡು, ಅಕ್ಷರ ಅಕ್ಷರ ನೋಡಿ ಟೈಪ್ ಮಾಡುತ್ತಿದ್ದ.

"ಬೇಡ," ಎಂದಳು ಮೈಥಿಲಿ. "ನಿಮ್ಮದು ಹಾಕಿ."

"ಕೈ ಒಳಗೆ ಹಾಕಿದ್ದು ನೀವು," ಎಂದ ಯಾಪ್. ಅವನ ಮಾತಿನಲ್ಲಿ ಮೊದಲಿನ ಪ್ರೀತಿ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಉಳಿದದ್ದು ಆಫೀಸಿನಲ್ಲಿ. ಇದು ನೋಡಿದವರು ಹಾಕಬೇಕಾದ ಸಹಿ." ಟ್ಯಾಬ್ಲೆಟ್ಟನ್ನು ಅವಳ ಮುಂದೆ ಹಿಡಿದ.

ನಂಜುಂಡಸ್ವಾಮಿ ಎಂದಿತ್ತು, ಪೂರ್ತಿ, ಒಂದಕ್ಷರ ನುಂಗದೆ. ಅವಳು ಬೆರಳನ್ನು ಸೆರಗಿಗೆ ಒರೆಸಲು ಹೋಗಿ, ತಾನು ಹಾಕಿರುವುದು ಪ್ಯಾಂಟೆಂದು ನೆನಪಾಗಿ, ಅದಕ್ಕೇ ಒರೆಸಿದಳು. ಆದರೂ ಸಹಿ ಮಾಡುವಾಗ ಗಾಜಿನ ಮೇಲೆ ಹೆಸರಿನ ಉದ್ದಕ್ಕೂ ಕಪ್ಪು ಪುಡಿ ಹತ್ತಿತು.